ಹಳೇ ಡೀಸೆಲ್ ಪಿಕಪ್‌ಗೆ 5 ಗೇರಿನ ಬಾಕ್ಸ್ ಕೂರಿಸಬೇಕು: ಮಾಡಿದವರು ಇದ್ದರೆ ಹೇಳಿ

ಸೊಪ್ಪಿನಬೆಟ್ಟ, ಶಿರಸಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ತಾಳ್ಮೆ ಇದ್ದವರು ಓದಿ.

ಮನೆಯಲ್ಲಿ 1996ರ ಮಹೀಂದ್ರ ಪಿಕಪ್ ಇದೆ. ಪ್ಯೂಜೊ ಡೀಸೆಲ್ ಎಂಜಿನ್, 2112 ಸಿಸಿ, 4 ಗೇರು, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್. ಅಪ್ಪ ತಗೊಂಡದ್ದು. ದರಕು (ಒಣ ಎಲೆ), ಗೊಬ್ಬರ, ಅಡಿಕೆ ಚೀಲ, ಮದುವೆ ಮನೆ ಪಾತ್ರೆ, ಒಂದ್ಸಲ ಗಬ್ಬದ ಎಮ್ಮೆ, ಎಲ್ಲ ಹೊತ್ತಿದೆ. ಎಂಜಿನ್ ಇನ್ನೂ ಗಟ್ಟಿ. ಚಳಿಯಲ್ಲೂ ಹೀಟರ್ ಕಾಯಿಸಿ ಸೆಲ್ಫ್ ಹೊಡೆದರೆ ಎರಡು ಗುಟುರು ಹಾಕಿ ಎದ್ದು ಕೂರ್ತದೆ.

ತೊಂದರೆ ಗೇರ್ ಬಾಕ್ಸಿನದ್ದು. ದೇವಿಮನೆ ಘಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ಕೂಡಲೆ 3ನೇ ಗೇರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬರ್ತದೆ. ಅಪ್ಪ ಅದಕ್ಕೊಂದು ಉಪಾಯ ಮಾಡಿದ್ದಾರೆ. ಎಡಗೈಯಲ್ಲಿ ಲಿವರ್ ಒತ್ತಿ ಹಿಡಿದುಕೊಂಡು, ಬಲಗೈ ಒಂದರಲ್ಲೇ ಸ್ಟೇರಿಂಗ್ ತಿರುಗಿಸುತ್ತಾ ಕುಮಟೆವರೆಗೆ ಇಳಿಯೋದು. ಪಕ್ಕದಲ್ಲಿ ಕೂತವರಿಗೆ ಜೀವ ಬಾಯಿಗೆ.

ಎರಡನೇ ಸಂಗತಿ, 66ನೇ ರಾಷ್ಟ್ರೀಯ ಹೆದ್ದಾರಿಯ ನಾಲ್ಕು ಲೇನಿನ ಮೇಲೆ ಹೋಗುವಾಗ 4ನೇ ಗೇರಿನಲ್ಲಿ 60 ದಾಟಿದರೆ ಎಂಜಿನ್ ಅರಚ್ತದೆ. ಇನ್ನೊಂದು ಗೇರು ಇದ್ದಿದ್ದರೆ ಅಂತ ಕೈ ಅಲ್ಲೇ ಹುಡುಕ್ತದೆ.

ಹುಬ್ಬಳ್ಳಿಯ ಗುಜರಿಯಲ್ಲಿ 5 ಗೇರಿನ ಬಾಕ್ಸ್ ಸಿಗ್ತದೆ ಅಂತಾರೆ. ಹಳೇದನ್ನ ರಿಪೇರಿ ಮಾಡಿಸೋದಾ, 5 ಗೇರಿನದು ಕೂರಿಸೋದಾ?

ರಥಬೀದಿ, ಕುಮಟಾ

ಮಾರಿ ಹೊಸ ಪಿಕಪ್ ತಗೊಳ್ಳಿ ಮಾರಾಯ್ರೆ.

ಸೊಪ್ಪಿನಬೆಟ್ಟ, ಶಿರಸಿ

ಆ ಮಾತು ಮನೆಯಲ್ಲಿ ಎತ್ತಿದ ದಿನ ನನಗೆ ರಾತ್ರಿ ಊಟಕ್ಕೆ ಕರೆದವರಿಲ್ಲ.

ಹಳೇಮೇಸ್ತ್ರಿ, ಹೊನ್ನಾವರ

ಸೊಪ್ಪಿನಬೆಟ್ಟದವರೇ, ಗುಜರಿಗೆ ಹೋಗೋ ಮೊದಲು ಕಿವಿ ಕೊಟ್ಟು ಕೇಳಿ. ಬಾಕ್ಸ್ ಬಿಚ್ಚುವ ಮುಂಚೆ ಅರ್ಧ ಕಾಯಿಲೆ ಶಬ್ದದಲ್ಲೇ ಗೊತ್ತಾಗ್ತದೆ.

ಗಾಡಿ ನಿಲ್ಲಿಸಿ ಎಂಜಿನ್ ಚಾಲೂ ಇಡಿ, ನ್ಯೂಟ್ರಲ್. ಕ್ಲಚ್ಚಿನಿಂದ ಕಾಲು ತೆಗೆದಾಗ ಗುಂಯ್ ಅಂತ ಬಂದು, ಒತ್ತಿದ ಕೂಡಲೆ ಶಬ್ದ ನಿಂತರೆ ಕ್ಲಚ್ ಶಾಫ್ಟಿನ (ಎಂಜಿನ್ನಿನ ತಿರುಗಾಟವನ್ನು ಬಾಕ್ಸಿಗೆ ತರುವ ಶಾಫ್ಟು) ಬೇರಿಂಗ್ ಹೋಗಿದೆ. ಉಲ್ಟಾ, ಒತ್ತಿದಾಗ ಮಾತ್ರ ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಇಲ್ಲಾಂದ್ರೆ ಆ ಶಾಫ್ಟಿನ ತುದಿ ಕೂರುವ, ಫ್ಲೈವೀಲ್ ಕಡೆಯ ಪೈಲಟ್ ಬೇರಿಂಗ್. ಅದು ಬಾಕ್ಸಿನ ಕಾಯಿಲೆ ಅಲ್ಲ.

ಗೇರು ಹಾರುವುದಕ್ಕೆ ಕಾರಣ ಹಲವು. ಮೇಲಿನ ಮುಚ್ಚಳದಲ್ಲಿ ಸ್ಪ್ರಿಂಗು, ಗೋಲಿ ಇರ್ತವೆ, ಗೇರನ್ನು ಜಾಗದಲ್ಲಿ ಹಿಡಿದಿಡೋದು ಅವೇ. ಸ್ಪ್ರಿಂಗ್ ಸೋತಿದ್ದರೆ ಕಡಿಮೆ ಖರ್ಚಿನ ಕೆಲಸ. ಬಾಕ್ಸಿನ ಮೌಂಟಿಂಗ್ ರಬ್ಬರ್ ಹರಿದಿದ್ದರೂ ಹಾರ್ತದೆ. ಅದೂ ಅಲ್ಲ ಅಂದ್ರೆ ಗೇರಿನ ಸಣ್ಣ ಹಲ್ಲುಗಳು ಸವೆದು ಮೊಂಡಾಗಿವೆ. ಆಗ ಲಿವರ್ ಎಷ್ಟು ಒತ್ತಿ ಹಿಡಿದರೂ ಸವೆತ ಜಾಸ್ತಿಯೇ ಆಗೋದು. ಒತ್ತಿ ಹಿಡಿದಷ್ಟು ಹೊತ್ತೂ ಒಳಗೆ ಗೇರು ಸರಿಸುವ ಫೋರ್ಕು ಉಜ್ಜಿ ತೆಳ್ಳಗಾಗ್ತಾ ಇರ್ತದೆ. ಅಪ್ಪನವರಿಗೆ ಇದನ್ನ ನೀವು ಹೇಳ್ಬೇಡಿ, ನಾನು ಹೇಳಿದೆ ಅನ್ನಿ.

ಇನ್ನೊಂದು. ಕೆಳಗಿನ ನಟ್ ಸಡಿಲ ಮಾಡಿ ಸ್ವಲ್ಪ ಆಯಿಲ್ ಬಿಳೀ ತಟ್ಟೆಗೆ ಬಿಡಿ. ಬಣ್ಣ ಹೇಳಿ.

ಸೊಪ್ಪಿನಬೆಟ್ಟ, ಶಿರಸಿ

ಮೇಸ್ತ್ರಿಯವರೇ, ಇವತ್ತು ಅಂಗಳದಲ್ಲೇ ನೋಡಿದೆ. ಕ್ಲಚ್ ಬಿಟ್ಟಾಗ ಗುಂಯ್, ಒತ್ತಿದರೆ ಸುಮ್ಮನೆ. ಮೌಂಟಿಂಗ್ ರಬ್ಬರ್ ಹೋದ ವರ್ಷ ಹಾಕಿದ್ದು, ಚೆನ್ನಾಗಿದೆ. ಸ್ಪ್ರಿಂಗ್ ಬದಲಿಸಿ ನೋಡಿದರೂ 3 ಹಾರ್ತದೆ.

ಆಯಿಲ್ ನೋಡಿ ನನಗೇ ನಾಚಿಕೆ ಆಯ್ತು. ಹಾಲು ಹಾಕಿದ ಚಹಾ! ತಟ್ಟೆ ವಾಲಿಸಿದರೆ ತಳದಲ್ಲಿ ಹೊಳೆಯುವ ಹಿತ್ತಾಳೆ ಪುಡಿ, ರಂಗೋಲಿ ಪುಡಿಯಷ್ಟು ನುಣುಪು. ಕೊನೆಯ ಸಲ ಆಯಿಲ್ ಬದಲಿಸಿದ್ದು ಯಾವಾಗ ಅಂದರೆ ಅಪ್ಪ ಮಾಡಿನ ಹಂಚು ಎಣಿಸ್ತಾ ಕೂತರು.

ಹಳೇಮೇಸ್ತ್ರಿ, ಹೊನ್ನಾವರ

ನಿಮ್ಮ ತೋಟದ ದಾರಿಯಲ್ಲಿ ಹಳ್ಳ ಉಂಟಾ?

ಸೊಪ್ಪಿನಬೆಟ್ಟ, ಶಿರಸಿ

ಉಂಟು. ಮಳೆಗಾಲದಲ್ಲಿ ಆಕ್ಸಲ್ ಮುಳುಗುವಷ್ಟು ನೀರು. ಸಂಕದ ಮೇಲೆ ಜನ ದಾಟ್ತಾರೆ, ಗಾಡಿ ಹಳ್ಳಕ್ಕೇ ಇಳೀಬೇಕು.

ಹಳೇಮೇಸ್ತ್ರಿ, ಹೊನ್ನಾವರ

ಅದೇ. ಓಡಿ ಬಿಸಿಯಾದ ಬಾಕ್ಸ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಒಮ್ಮೆಗೆ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ತದೆ. ಉಸಿರಾಡುವ ತೂತು ಮಣ್ಣಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದಲಾದರೂ ಎಳೀತದೆ. ಬಾಕ್ಸನ್ನು ಬೈಬೇಡಿ. ಹೊಸದು ಕೂರಿಸಿದರೆ ಆ ತೂತಿಗೊಂದು ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ಟಿನ ಒಳಗೆ ಎತ್ತರಕ್ಕೆ ಕಟ್ಟಿ.

ಹಿತ್ತಾಳೆ ಪುಡಿ ಸಿಂಕ್ರೊ ರಿಂಗಿನದ್ದು, ಗೇರು ಬೀಳುವಾಗ ವೇಗ ಹೊಂದಿಸುವ ರಿಂಗು ಅದು. ಅಂದರೆ ಬೇರಿಂಗು, ರಿಂಗು, 3ನೇ ಗೇರು, ಅದರ ಹಬ್ಬು ಎಲ್ಲ ಬೇಕು. ಆ ದುಡ್ಡಿಗೆ 5 ಗೇರಿನ ಬಾಕ್ಸಿನ ವಿಚಾರ ಮಾಡಬಹುದು, ತಪ್ಪಿಲ್ಲ.

ಲೆಕ್ಕದಮೇಷ್ಟ್ರು, ಅಂಕೋಲಾ

ಮಾಡಬಹುದು, ಆದರೆ 5ನೇ ಗೇರಿನಿಂದ ಏನು ಸಿಗ್ತದೆ ಅಂತ ಮೊದಲು ಲೆಕ್ಕ ಹಾಕಿ. ನಮ್ಮಲ್ಲಿ ಎಷ್ಟೋ ಮಂದಿ 5 ಗೇರು ಅಂದರೆ ಘಟ್ಟ ಹತ್ತೋಕೆ ಬಲ ಬರ್ತದೆ ಅಂದುಕೊಂಡಿದ್ದಾರೆ. ಘಟ್ಟಕ್ಕೂ 5ನೇ ಗೇರಿಗೂ ಸಂಬಂಧವೇ ಇಲ್ಲ.

ಹಿಂದಿನ ಒಂದು ಚಕ್ರ ಜಾಕಿನ ಮೇಲೆ ಎತ್ತಿ, ಇನ್ನೊಂದು ನೆಲದಲ್ಲೇ ಇರಲಿ. ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ಗೇರು ನ್ಯೂಟ್ರಲ್. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಜಾಯಿಂಟ್ ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ಅದು ನಿಮ್ಮ ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ಲಿನ ಗೇರು ಜೋಡಿ) ಅನುಪಾತ. ಆಮೇಲೆ ಟಯರಿಗೆ ಸುಣ್ಣದ ಗುರುತು ಹಾಕಿ ಗಾಡಿ ತಳ್ಳಿ, ಒಂದು ಸುತ್ತಿಗೆ ಎಷ್ಟು ದೂರ ಹೋಯ್ತು ಟೇಪಿನಲ್ಲಿ ಅಳೆಯಿರಿ.

ಸೊಪ್ಪಿನಬೆಟ್ಟ, ಶಿರಸಿ

ಮೇಷ್ಟ್ರೇ, ಶಾಫ್ಟ್ ಐದು ಸುತ್ತಿಗೆ ಚೂರು ಕಮ್ಮಿ. ಟಯರ್ 2.3 ಮೀಟರ್.

ಲೆಕ್ಕದಮೇಷ್ಟ್ರು, ಅಂಕೋಲಾ

ಐದಕ್ಕೆ ಚೂರು ಕಮ್ಮಿ ಅಂದರೆ 4.88 ಇರಬೇಕು. ನೋಡಿ ಈಗ. 60 ಕಿಮೀ ವೇಗ ಅಂದರೆ ನಿಮಿಷಕ್ಕೆ 1000 ಮೀಟರ್. ಭಾಗಿಸು 2.3, ಚಕ್ರ ನಿಮಿಷಕ್ಕೆ 435 ಸುತ್ತು. ಗುಣಿಸು 4.88, ಶಾಫ್ಟ್ 2120 ಸುತ್ತು. 4ನೇ ಗೇರು ನೇರ, ಅಂದರೆ ಎಂಜಿನ್ ಕೂಡ 2120. 70ಕ್ಕೆ ಹೋದರೆ 2475.

5ನೇ ಗೇರಿನ ಅನುಪಾತ 0.8 ಅಂತ ಇಟ್ಟುಕೊಂಡರೆ 60ರಲ್ಲಿ 1700, 70ರಲ್ಲಿ 1980. ಅಂದರೆ ಈಗ 60ರಲ್ಲಿ ಆಗ್ತಿರೋ ಗಲಾಟೆಗಿಂತ 70ರಲ್ಲಿ ಆಗೋದು ಕಮ್ಮಿ. ಹೆದ್ದಾರಿಯಲ್ಲಿ ಲಾಭ ಖಂಡಿತ ಉಂಟು. ಶಿರಸಿಯಿಂದ ಕುಮಟೆಗೆ 60 ಕಿಮೀ ಹತ್ತಿರ, ಅದರಲ್ಲಿ ನೀವು 5ನೇ ಗೇರು ಹಾಕೋದು ಎಷ್ಟು ದೂರ? ನೀವೇ ಹೇಳಿ. ತಿಂಗಳಿಗೆ ಎಷ್ಟು ಸಲ 66 ಹಿಡಿದು ಹೋಗ್ತೀರಿ ಅನ್ನೋದರ ಮೇಲೆ ಇದು ನಿಂತಿದೆ.

ಸೊಪ್ಪಿನಬೆಟ್ಟ, ಶಿರಸಿ

ವಾರಕ್ಕೆರಡು ಸಲ. ತೆಂಗಿನಕಾಯಿ, ಬಾಳೆಗೊನೆ ಕಾರವಾರಕ್ಕೆ ಹಾಕ್ತೇನೆ. ಬರುವಾಗ ಗೊಬ್ಬರಕ್ಕೆ ಒಣಮೀನು. (ನಮ್ಮ ಮನೆಯವರು ಗಾಡಿ ಪೂರ್ತಿ ತೊಳೆಯೋ ತನಕ ಅದನ್ನ ಅಂಗಳಕ್ಕೆ ಬಿಡೋದಿಲ್ಲ.)

ದೂರದಭಾವ, ಸಿದ್ದಾಪುರ ಬಿಟ್ಟು ಈಗ ಟೆಕ್ಸಾಸ್

ಭಾವ, ನಿಮ್ಮ ಕತೆ ಓದಿ ಖುಷಿಯಾಯ್ತು. ಇಲ್ಲಿಯ ಚಾಳಿ ಬೇರೆ. ಇಲ್ಲಿ ಹಳೇ ಡೀಸೆಲ್ ಪಿಕಪ್‌ಗಳಲ್ಲಿ ಬಹಳಷ್ಟು ಆಟೊಮ್ಯಾಟಿಕ್. ಅದನ್ನ ಕಿತ್ತು ಕ್ಲಚ್ಚು ಗೇರು ಕೂರಿಸೋ ಹುಚ್ಚರ ದೊಡ್ಡ ಗುಂಪೇ ಇದೆ, ಆ ಗುಂಪಿನಲ್ಲಿ ನಾನೂ ಒಬ್ಬ.

ನನ್ನದು 1996ರ ಡಾಡ್ಜ್ ರಾಮ್ 2500, 5.9 ಲೀಟರ್ ಕಮಿನ್ಸ್, ಆರು ಸಿಲಿಂಡರ್. ಆಟೊಮ್ಯಾಟಿಕ್ ಕೈ ಕೊಟ್ಟಾಗ ಅದೇ ಕಾಲದ ಮ್ಯಾನ್ಯುಯಲ್ ಗಾಡಿಗಳಿಗೆ ಬರುತ್ತಿದ್ದ ಎನ್‌ವಿ4500 ಅನ್ನೋ 5 ಗೇರಿನ ಬಾಕ್ಸ್ ಹಾಕಿದೆ. ಎರಕದ ಕಬ್ಬಿಣ, ಸುಮಾರು 90 ಕೆಜಿ. 1ನೇ ಗೇರು 5.61, ಆನೆ ಎಳೆದ ಹಾಗೆ ಎಳೀತದೆ.

ಬಾಕ್ಸ್ ಸಿಗೋದು ಸುಲಭ. ಉಳಿದದ್ದರಲ್ಲಿ ತಲೆ ಕೆಡೋದು. ಆಟೊಮ್ಯಾಟಿಕ್‌ಗೆ ಎಂಜಿನ್ ಹಿಂದೆ ತೆಳ್ಳನೆ ತಗಡಿನ ಚಕ್ರ ಇರ್ತದೆ, ಅದನ್ನ ತೆಗೆದು ಭಾರದ ಫ್ಲೈವೀಲ್ ಹಾಕಬೇಕು. ಪೈಲಟ್ ಬೇರಿಂಗ್, ಕ್ಲಚ್ ಸೆಟ್, ಬೆಲ್ ಹೌಸಿಂಗ್ (ಎಂಜಿನ್ನಿಗೂ ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ), ಕ್ಲಚ್ ಪೆಡಲ್ಲಿನ ಪೂರಾ ಚೌಕಟ್ಟು, ಹೈಡ್ರಾಲಿಕ್ ಸಿಲಿಂಡರ್ ಎರಡು, ಬಾಕ್ಸಿನ ಕೆಳಗಿನ ಅಡ್ಡಪಟ್ಟಿ, ಜಾಯಿಂಟ್ ಶಾಫ್ಟ್. ಆಟೊಮ್ಯಾಟಿಕ್ ಪಾರ್ಕ್ ಇಲ್ಲವೆ ನ್ಯೂಟ್ರಲ್ಲಿನಲ್ಲಿ ಇದ್ದರೆ ಮಾತ್ರ ಸೆಲ್ಫ್ ತಿರುಗುವ ಸ್ವಿಚ್ ಇರ್ತದಲ್ಲ, ಆ ವಯರನ್ನು ಕ್ಲಚ್ ಪೆಡಲ್ಲಿಗೆ ತಂದು ಜೋಡಿಸಬೇಕು. ಮರೆತರೆ ಎಲ್ಲ ಮುಗಿಸಿ ಕೀ ತಿರುಗಿಸಿದಾಗ ಗಾಡಿ ಮೌನವ್ರತ. ರಿವರ್ಸ್ ಲೈಟಿನ ವಯರೂ ಅದೇ ಕತೆ. ನನ್ನ ಪುಣ್ಯ, 1998ರವರೆಗಿನ ಆ ಎಂಜಿನ್ನಿಗೆ ಪೂರ್ತಿ ಯಾಂತ್ರಿಕ ಡೀಸೆಲ್ ಪಂಪು. ಗೇರ್ ಬಾಕ್ಸ್ ಯಾವುದು ಅಂತ ಎಂಜಿನ್ ಕೇಳೋದಿಲ್ಲ.

ನಿಮ್ಮದೂ ಹಾಗೇ, ಕಂಪ್ಯೂಟರ್ ಇಲ್ಲದ ಗಾಡಿ. ಪೆಡಲ್ ಉಂಟು, ಕ್ಲಚ್ ಉಂಟು. ನನ್ನ ಕೆಲಸದ ಅರ್ಧ ನಿಮಗೆ ಇಲ್ಲ.

ಒಂದು ಮಾತು. ಎನ್‌ವಿ4500ರಲ್ಲಿ 5ನೇ ಗೇರು ಹಿಡಿದಿರುವ ನಟ್ ಸಡಿಲಾಗಿ ಗೇರು ಹಿಂದೆ ಜಾರುವ ಕಾಯಿಲೆ ಇಲ್ಲಿ ಎಲ್ಲರಿಗೂ ಗೊತ್ತು. ಕಡಿಮೆ ಸುತ್ತಿನಲ್ಲಿ 5ನೇ ಗೇರು ಹಾಕಿ ಭಾರ ಎಳೆಸಿದರೆ ಬೇಗ ಬರ್ತದೆ. ಯಾವ ಬಾಕ್ಸ್ ಆದರೂ 5ನೇ ಗೇರಿನಲ್ಲಿ ಗಾಡಿ ಗೊಣಗಿಸಬೇಡಿ. ಏರು ಕಂಡರೆ 4.

ರಥಬೀದಿ, ಕುಮಟಾ

ಆಟೊಮ್ಯಾಟಿಕ್ ಚೆನ್ನಾಗಿರ್ತದಲ್ಲ? ಕಾಲು ನೋಯೋದಿಲ್ಲ.

ಬೈತಖೋಲ, ಕಾರವಾರ

ಒಮ್ಮೆ ಮೀನು ತುಂಬಿಕೊಂಡು ಅಣಶಿ ಘಾಟ್ ಹತ್ತಿ, ಖಾಲಿ ಡಬ್ಬ ಹಾಕಿಕೊಂಡು ಇಳೀರಿ. ಆಮೇಲೆ ಕಾಲಿನ ವಿಷಯ ಮಾತಾಡುವಾ. ಯಾವ ಗೇರಲ್ಲಿ ಹತ್ತಿದ್ದೋ ಅದೇ ಗೇರಲ್ಲಿ ಇಳಿಯೋದು. ಅರಬೈಲ್ ಘಟ್ಟದ ಬುಡದಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಬರ್ತದಲ್ಲ, ಅದು ಇದನ್ನ ಮರೆತವರದ್ದು.

ಸೊಪ್ಪಿನಬೆಟ್ಟದವರೇ, ನಾನು ಇದೇ ಕೆಲಸ ಮಾಡಿಸಿದ್ದೇನೆ. ನನ್ನದೂ ಪ್ಯೂಜೊ ಎಂಜಿನ್. ಮೊದಲ ಸಲ ಮೋಸ ಹೋದೆ. ಬಾಕ್ಸ್ ಒಂದೇ ತಂದೆ, ಬೆಲ್ ಹೌಸಿಂಗ್ ಇಲ್ಲದೆ. ಕೊಟ್ಟವ "ಎಲ್ಲ ಮಹೀಂದ್ರಕ್ಕೂ ಕೂರ್ತದೆ" ಅಂದಿದ್ದ. ಬೋಲ್ಟಿನ ತೂತು ಒಂದೂ ಕೂಡಲಿಲ್ಲ, ಅದು ಬೇರೆ ಎಂಜಿನ್ನಿನ ಹಿಂದಿದ್ದ ಬಾಕ್ಸು. ಗ್ಯಾರೇಜಿನವ ದಪ್ಪ ಪ್ಲೇಟ್ ಕಡಿದು ನಡುವೆ ಕೂರಿಸಿಕೊಟ್ಟ. ಎರಡು ತಿಂಗಳಿಗೆ ಕ್ಲಚ್ ಪ್ಲೇಟಿನ ನಡುವಿನ ಹಬ್ ಒಡೀತು. ಹಾಕಿದ್ದು ಇನ್ನೊಂದು, ಅದೂ ಒಡೀತು. ಆಮೇಲೆ ತಿಳಿದದ್ದು, ಪ್ಲೇಟ್ ಕೂದಲೆಳೆಯಷ್ಟು ಬದಿಗೆ ಇತ್ತು. ಎಂಜಿನ್ ನಡು ಒಂದು ಕಡೆ, ಬಾಕ್ಸಿನ ನಡು ಒಂದು ಕಡೆ.

ಬಾಕ್ಸ್ ತರೋದಾದರೆ ಬೆಲ್ ಹೌಸಿಂಗ್, ಫೋರ್ಕ್, ಕ್ಲಚ್ ಪ್ಲೇಟ್, ಲಿವರ್, ಕೆಳಗಿನ ಅಡ್ಡಪಟ್ಟಿ, ಸಿಕ್ಕರೆ ಜಾಯಿಂಟ್ ಶಾಫ್ಟಿನ ಮುಂದಿನ ಯೋಕ್ (ತುದಿಯ ಎರಡು ಕಿವಿಯ ಕವೆ) ಎಲ್ಲ ಒಂದೇ ಗಾಡಿಯಿಂದ ಬಿಚ್ಚಿದ್ದು ತನ್ನಿ. ದುಡ್ಡು ಜಾಸ್ತಿ ಕೇಳಿದರೂ ಕೊಡಿ.

ಹಳೇಮೇಸ್ತ್ರಿ, ಹೊನ್ನಾವರ

ಬೈತಖೋಲದವರು ಹೇಳಿದ್ದು ಲಾಖ್ ಮಾತು. ನಿಮ್ಮ 2112 ಸಿಸಿ ಅಂದರೆ 90 ಮಿಮೀ ಬೋರು, 83 ಸ್ಟ್ರೋಕು. ಅದೇ ಪ್ಯೂಜೊ ಮನೆತನದ ದೊಡ್ಡಣ್ಣ 2498 ಸಿಸಿ, 94 ಬೋರು, 90 ಸ್ಟ್ರೋಕು. ಆ 2498ರ ಹಿಂದೆ ಬಂದ ಬಿಎ10 ಅನ್ನೋ 5 ಗೇರಿನದನ್ನ ಹುಡುಕಿ. ಆಮೇಲೆ ಬಂದ 2523 ಸಿಸಿ ಎಂಜಿನ್ ಬೇರೆ ಮನೆತನ. ಅದರ ಬಾಕ್ಸ್ ಚೆನ್ನಾಗಿದೆ ಅಂತ ಆಸೆಪಟ್ಟರೆ ಪ್ಲೇಟು ಕಡಿಯೋ ಕತೆ ಶುರು. ಒಂದೇ ಮನೆತನದ್ದಾದರೂ ಕಣ್ಣು ಮುಚ್ಚಿ ತರಬೇಡಿ. ಹಳೇ ಕ್ಲಚ್ ಪ್ಲೇಟ್ ಕೈಯಲ್ಲೇ ಹಿಡಿದುಕೊಂಡು ಗುಜರಿಗೆ ಹೋಗಿ, ಅವರ ಶಾಫ್ಟಿಗೆ ಹಾಕಿ ನೋಡಿ. ಹಲ್ಲು ಕೂಡಬೇಕು, ಸಲೀಸಾಗಿ ಜಾರಬೇಕು, ಅಲುಗಾಡಬಾರದು. ಶಾಫ್ಟಿನ ತುದಿ ಪೈಲಟ್ ಬೇರಿಂಗಿಗೆ ಹೋಗೋ ದಪ್ಪ ಉಂಟಾ ಅಂತ ಕ್ಯಾಲಿಪರ್ ಹಿಡೀರಿ. ಬೆಲ್ ಹೌಸಿಂಗ್ ಮುಖದಿಂದ ಆ ತುದಿವರೆಗಿನ ಉದ್ದ ಎರಡರದ್ದೂ ಬರಕೊಳ್ಳಿ. ಅದು ಗಿಡ್ಡ ಆದರೆ ಬೇರಿಂಗಿಗೆ ತಾಗೋದಿಲ್ಲ, ಉದ್ದ ಆದರೆ ಕ್ರ್ಯಾಂಕಿಗೆ ಗುದ್ದುತ್ತದೆ.

ಮುಚ್ಚಳ ತೆಗೆಸಿ ಸಿಂಕ್ರೊ ರಿಂಗನ್ನು ಬೆರಳಲ್ಲಿ ಕೋನಿಗೆ ಒತ್ತಿ ನೋಡಿ. ರಿಂಗಿನ ಹಲ್ಲಿಗೂ ಗೇರಿನ ಹಲ್ಲಿಗೂ ನಡುವೆ ಸಂದು ಕಾಣಬೇಕು. ಮುಟ್ಟಿದ್ದರೆ ರಿಂಗ್ ಮುಗೀತು ಅಂತ ಲೆಕ್ಕ.

ಹೊಸಬ, ಭಟ್ಕಳ

ಇದಕ್ಕೆಲ್ಲ ಆರ್‌ಟಿಒ ಒಪ್ಪಿಗೆ ಬೇಡವೇ? ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ಹಿಡಿದರೆ?

ಲೆಕ್ಕದಮೇಷ್ಟ್ರು, ಅಂಕೋಲಾ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಆರ್‌ಸಿಯಲ್ಲಿ ಬರೆದ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸಬಾರದು ಅಂತ ಅದರ ಸಾರ. ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ಸಿಸಿ ಇರ್ತದೆ, ಗೇರ್ ಬಾಕ್ಸಿಗೆ ಅಲ್ಲಿ ಕಾಲಂ ಇಲ್ಲ. ಎಂಜಿನ್ ಬದಲಿಸಿದರೆ ಮಾತ್ರ ಕೇಳದೆ ಮಾಡಬೇಡಿ. ಬಾಕ್ಸಿಗೂ, ನನ್ನ ಅಭಿಪ್ರಾಯದಲ್ಲಿ, ಶಿರಸಿಯ ಆರ್‌ಟಿಒ (ಕೆಎ 31) ಕಚೇರಿಯಲ್ಲಿ ಇನ್‌ಸ್ಪೆಕ್ಟರನ್ನು ಒಮ್ಮೆ ಕೇಳಿ ಬರೋದು ಒಳ್ಳೇದು, ವಿಮೆಯವರಿಗೂ ಒಂದು ಪತ್ರ ಇರಲಿ. ಗೂಡ್ಸ್ ಗಾಡಿಗೆ 8 ವರ್ಷ ದಾಟಿದ ಮೇಲೆ ವರ್ಷವರ್ಷ ಎಫ್‌ಸಿ. ಹೇಗೂ ಅವರ ಮುಖ ನೋಡ್ಲೇಬೇಕು. ಚಾಸಿ ಮಾತ್ರ ಎಲ್ಲೂ ಕಡಿಯಬೇಡಿ.

ಸೊಪ್ಪಿನಬೆಟ್ಟ, ಶಿರಸಿ

ಅಡಿಕೆ ಕೊನೆಕೊಯ್ಲು ಮುಗಿಸಿ ಹುಬ್ಬಳ್ಳಿಗೆ ಹೋಗಿದ್ದೆ. ಬಿಎ10 ಸಿಕ್ಕಿತು, ಬೆಲ್ ಹೌಸಿಂಗ್ ಸಮೇತ, ಬೈತಖೋಲದವರು ಹೇಳಿದ ಎಲ್ಲ ಸಾಮಾನಿನ ಜೊತೆ. ಕ್ಲಚ್ ಪ್ಲೇಟ್ ಹಿಡಿದುಕೊಂಡು ಒಳಗೆ ಹೋದಾಗ ಗುಜರಿಯವ ನಕ್ಕ. ಶಾಫ್ಟಿಗೆ ಹಾಕಿ ನೋಡಿ, ಟೇಪು ತೆಗೆದು ಅಳೆಯೋಕೆ ಶುರು ಮಾಡಿದ ಮೇಲೆ ನಗು ನಿಂತು ಚಹಾ ತರಿಸಿದ.

ಅಪ್ಪನ ಪ್ರಶ್ನೆ ಒಂದೇ: "ನಾಕು ಸಾಕಾಗ್ತಿಲ್ಲೆ ಹೇಳಿ ಯಾರು ಹೇಳಿದ?"

ಕೂರಿಸುವಾಗ ಏನು ನೋಡಬೇಕು?

ಹಳೇಮೇಸ್ತ್ರಿ, ಹೊನ್ನಾವರ

ಬಾಕ್ಸ್ ಎತ್ತುವ ಮೊದಲು ಬೆಲ್ ಹೌಸಿಂಗಿನ ಬೋಲ್ಟಿನ ಅಳತೆಯದ್ದೇ ಎರಡು ಉದ್ದ ಬೋಲ್ಟ್ ತಂದು ತಲೆ ಕಡಿದು, ಎಂಜಿನ್ನಿನ ಎರಡು ಬದಿಗೆ ತಿರುಗಿಸಿ. ಬಾಕ್ಸ್ ಅದರ ಮೇಲೆ ಜಾರಿಕೊಂಡು ಹೋಗ್ತದೆ, ಭಾರ ಕ್ಲಚ್ ಪ್ಲೇಟಿನ ಮೇಲೆ ಬೀಳೋದಿಲ್ಲ. ಪ್ಲೇಟ್ ನಡುವಿಗೆ ತರೋಕೆ ಗುಜರಿಯಲ್ಲಿ ಒಂದು ಮುರುಕು ಕ್ಲಚ್ ಶಾಫ್ಟ್ ಕೇಳಿ ತಗೊಳ್ಳಿ, ಅದಕ್ಕಿಂತ ಒಳ್ಳೇ ಹತಾರ ಇಲ್ಲ.

ಕೊನೆಯ ಒಂದಿಂಚು ಕೈಯ ಬಲಕ್ಕೇ ಹೋಗಿ ಕೂರಬೇಕು. ಹೋಗದಿದ್ದರೆ ಬೋಲ್ಟ್ ಬಿಗಿದು ಎಳೀಬೇಡಿ. ಎಳೆದರೆ ಕಿವಿ ಒಡೀತದೆ, ಬೆಲ್ ಹೌಸಿಂಗಿನದ್ದು. ಹೊರಗೆ ತೆಗೆದು ಪ್ಲೇಟ್ ಪುನಃ ನಡುವಿಗೆ ತನ್ನಿ.

ಪೈಲಟ್ ಬೇರಿಂಗ್ ಹೊಸದೇ ಹಾಕಿ. ಬುಷ್ ಇದ್ದರೆ ಹಳೇದನ್ನ ತೆಗೆಯೋಕೆ ತೂತಿಗೆ ಗ್ರೀಸ್ ಗಿಡಿದು ತುಂಬಿ, ತೂತಿನಷ್ಟೇ ದಪ್ಪದ ಸಲಾಕೆ ಇಟ್ಟು ಸುತ್ತಿಗೆಯಿಂದ ಹೊಡೀರಿ. ಹಿಂದಿನಿಂದ ಗ್ರೀಸೇ ದಬ್ಬಿ ಹೊರಗೆ ಹಾಕ್ತದೆ.

ದೂರದಭಾವ, ಸಿದ್ದಾಪುರ ಬಿಟ್ಟು ಈಗ ಟೆಕ್ಸಾಸ್

ಇಲ್ಲಿ ಗ್ರೀಸ್ ಬದಲು ನೆನೆಸಿದ ಬ್ರೆಡ್ ತುಂಬಿ ಹೊಡೀತಾರೆ, ಕೈ ಕೊಳೆಯಾಗೋದಿಲ್ಲ. ನಿಮ್ಮಲ್ಲಿ ತಂಗಳನ್ನ ನೋಡಬಹುದು.

ಆಯಿಲ್ ವಿಷಯ ಯಾರೂ ಹೇಳಲಿಲ್ಲ. ಡಬ್ಬದ ಮೇಲೆ 80ಡಬ್ಲ್ಯು-90 ಅಂತ ನೋಡಿದರೆ ಸಾಲದು, ಜಿಎಲ್-4 ಅಂತ ಇರಬೇಕು. ಜಿಎಲ್-5 ಹಿಂದಿನ ಆಕ್ಸಲ್ ಹೌಸಿಂಗಿಗೆ ಸರಿ. ಅದರಲ್ಲಿ ಗಂಧಕ, ರಂಜಕದ ಮದ್ದು ಜಾಸ್ತಿ, ಹಿತ್ತಾಳೆ ರಿಂಗಿಗೆ ಅದು ಹಿಡಿಸೋದಿಲ್ಲ.

ಸೊಪ್ಪಿನಬೆಟ್ಟ, ಶಿರಸಿ

ಕೂರಿಸಿ ಆಯ್ತು! ಎರಡು ದಿನ. ಕೊಟ್ಟಿಗೆ ಪಕ್ಕದ ಚಪ್ಪರಕ್ಕೆ ಚೈನ್ ಪುಲ್ಲಿ ಕಟ್ಟಿ, ನಾನು, ಪಕ್ಕದ ಮನೆ ತಮ್ಮ, ಊರಿನ ಗ್ಯಾರೇಜಿನ ಹುಡುಗ. ಕೊನೆಯ ಒಂದಿಂಚಿಗೇ ಒಂದು ಮಧ್ಯಾಹ್ನ. ಮೂರು ಸಲ ಹೊರಗೆ ತೆಗೆದೆವು. ನಾಲ್ಕನೇ ಸಲ ಹುಡುಗ ಟಾಪ್ ಗೇರ್ ಹಾಕಿಟ್ಟು ಹಿಂದಿನ ಫ್ಲೇಂಜನ್ನು ನಿಧಾನ ತಿರುಗಿಸಿದ. ಒಳಗೆ ಎಲ್ಲೋ ಹಲ್ಲಿಗೆ ಹಲ್ಲು ಸಿಕ್ಕಿ, ತುಪ್ಪದಲ್ಲಿ ಅದ್ದಿದ ಹಾಗೆ ಸರಕ್ಕನೆ ಒಳಗೆ ಹೋಯ್ತು. ಠಕ್ ಅಂತ ಒಂದೇ ಶಬ್ದ. ಎಲ್ಲರೂ ಕೈಬಿಟ್ಟು ಸುಮ್ಮನೆ ನಿಂತು ನೋಡಿದೆವು.

ಬಾಕ್ಸ್ ಉದ್ದ ಬಂದದ್ದಕ್ಕೆ ಅಡ್ಡಪಟ್ಟಿ ಹಿಂದೆ ಸರಿಸಿದೆ, ಬೋಲ್ಟಿನಲ್ಲೇ, ಚಾಸಿಗೆ ವೆಲ್ಡಿಂಗ್ ಇಲ್ಲ. ಲಿವರ್ ಒಂದು ಗೇಣಿಗೆ ಸ್ವಲ್ಪ ಕಮ್ಮಿ ಹಿಂದೆ ಬಂತು, ನೆಲದ ತಗಡು ಕಡಿದು ಹೊಸ ರಬ್ಬರ್ ಹಾಕಿದೆ. ಜಾಯಿಂಟ್ ಶಾಫ್ಟನ್ನು ಲೇಥಿನಲ್ಲಿ ಗಿಡ್ಡ ಮಾಡಿಸಿದೆ. ಗೇರೆಲ್ಲ ಬೆಣ್ಣೆ. 3 ಹಾರೋದಿಲ್ಲ.

ಆದರೆ 45 ದಾಟಿದರೆ ಗಾಡಿ ಪೂರ್ತಿ ನಡುಗ್ತದೆ. ಡ್ಯಾಷಿನ ಮೇಲಿನ ಗಣಪತಿ ಕುಣಿದು ಕುಣಿದು ನನ್ನ ಕಡೆ ಬೆನ್ನು ಹಾಕಿದ.

ಹಳೇಮೇಸ್ತ್ರಿ, ಹೊನ್ನಾವರ

50ರಲ್ಲಿ ನಡುಗುವಾಗ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ ಬಿಡಿ. ಸಮತಟ್ಟು ಖಾಲಿ ರಸ್ತೆಯಲ್ಲಿ ಮಾತ್ರ. ಎಂಜಿನ್ ಸುತ್ತು ಇಳಿದ ಮೇಲೂ ನಡುಕ ಇದ್ದರೆ ಬಾಕ್ಸಿನಿಂದ ಹಿಂದೆ. ನಿಂತರೆ ಕ್ಲಚ್ ಕಡೆ.

ಸೊಪ್ಪಿನಬೆಟ್ಟ, ಶಿರಸಿ

ನ್ಯೂಟ್ರಲ್ಲಿನಲ್ಲೂ ನಡುಗ್ತದೆ.

ಹಳೇಮೇಸ್ತ್ರಿ, ಹೊನ್ನಾವರ

ಹಾಗಾದರೆ ಗಾಡಿ ಕೆಳಗೆ ಮಲಗಿ ಜಾಯಿಂಟ್ ಶಾಫ್ಟ್ ನೋಡಿ. ಮುಂದಿನ ಕ್ರಾಸ್ (ಓರೆಯಲ್ಲೂ ತಿರುಗಲು ಬಿಡುವ ಕೂಡುಗೀಲು) ಹಿಡಿದ ಯೋಕಿನ ಎರಡು ಕಿವಿ, ಹಿಂದಿನ ಕ್ರಾಸ್ ಹಿಡಿದ ಯೋಕಿನ ಎರಡು ಕಿವಿ. ಶಾಫ್ಟಿನ ಮೇಲಿರುವ ಈ ಎರಡೂ ಜೊತೆ ಒಂದೇ ಗೆರೆಯಲ್ಲಿ ಇರಬೇಕು. ಒಂದು ಅಡ್ಡ, ಒಂದು ಉದ್ದ ಕಂಡರೆ ಲೇಥಿನವ ವೆಲ್ಡ್ ಮಾಡುವಾಗ ಗುರುತು ಹಾಕಿಕೊಂಡಿಲ್ಲ ಅಂತ.

ಕ್ರಾಸ್ ಓರೆಯಲ್ಲಿ ತಿರುಗುವಾಗ ಒಂದು ಸುತ್ತಿನಲ್ಲಿ ಎರಡು ಸಲ ಜೋರು, ಎರಡು ಸಲ ನಿಧಾನ ಆಗ್ತದೆ. ಮುಂದಿನದ್ದು ಮಾಡಿದ ತಪ್ಪನ್ನು ಹಿಂದಿನದ್ದು ಸರಿ ಮಾಡೋದು. ಗೆರೆ ತಪ್ಪಿದರೆ ತಪ್ಪಿಗೆ ತಪ್ಪು ಸೇರ್ತದೆ. ಜೊತೆಗೆ ಬಾಕ್ಸಿನ ಫ್ಲೇಂಜೂ ಹಿಂದಿನ ಪಿನಿಯನ್ ಫ್ಲೇಂಜೂ ಒಂದೇ ಓರೆಯಲ್ಲಿ ಇವೆಯಾ ನೋಡಿ. ಮೊಬೈಲಿನಲ್ಲಿ ಓರೆ ಅಳೆಯೋ ಆ್ಯಪ್ ಉಂಟು, ಫ್ಲೇಂಜಿಗೆ ಒತ್ತಿ ಹಿಡಿದರೆ ಡಿಗ್ರಿ ತೋರಿಸ್ತದೆ.

ಸೊಪ್ಪಿನಬೆಟ್ಟ, ಶಿರಸಿ

ಮೇಸ್ತ್ರಿಯವರೇ, ಕಾಲಿಗೆ ಬೀಳ್ತೆ. ಒಂದು ಅಡ್ಡ, ಒಂದು ಹೆಚ್ಚುಕಮ್ಮಿ ಉದ್ದ. ಬೇರೆ ಲೇಥಿಗೆ ಒಯ್ದು ವೆಲ್ಡ್ ಬಿಡಿಸಿ, ಗೆರೆ ಕೂಡಿಸಿ, ಬ್ಯಾಲೆನ್ಸ್ ಮಾಡಿಸಿದೆ. ಬಾಕ್ಸ್ 2 ಡಿಗ್ರಿ ಕೆಳಗೆ ಬಾಗಿತ್ತು, ಮೌಂಟಿಂಗ್ ಕೆಳಗೆ ಪಟ್ಟಿ ಕೊಟ್ಟು ಎತ್ತಿದೆ. ಈಗ 65ರಲ್ಲೂ ಗಣಪತಿ ಅಲುಗಾಡೋದಿಲ್ಲ.

ಮೊನ್ನೆ ಮೊದಲ ಲೋಡು. ಬಾಳೆಗೊನೆ ತುಂಬಿ ಅಪ್ಪನೇ ಸ್ಟೇರಿಂಗ್ ಹಿಡಿದರು. ದೇವಿಮನೆ ಗುಡಿಯ ಹತ್ತಿರ ನಿಲ್ಲಿಸಿ ಕೈ ಮುಗಿದು, 3ನೇ ಗೇರು ಹಾಕಿ ಇಳಿಯೋಕೆ ಶುರು ಮಾಡಿದರು. ಎಡಗೈ ಲಿವರಿನ ಮೇಲೇ ಇತ್ತು, ಒತ್ತಿ ಹಿಡಿದೇ ಇದ್ದರು. ಹಾರೋದಿಲ್ಲ ಅಪ್ಪಾ, ಬಿಡಿ ಅಂದೆ. ಎರಡು ತಿರುವು ಕಳೆದ ಮೇಲೆ ಕೈ ತೆಗೆದು ಸ್ಟೇರಿಂಗಿಗೆ ಇಟ್ಟರು. ನನ್ನ ಕಡೆ ನೋಡಲಿಲ್ಲ.

ಕುಮಟೆಯಿಂದ ಕಾರವಾರದವರೆಗೆ 66ರಲ್ಲಿ 4ನೇ ಗೇರಿನಲ್ಲೇ ಬಿಟ್ಟರು, 55ರಲ್ಲಿ. 5 ಹಾಕಿ ಅಂದರೆ, "ಇದ್ರೆ ಇರ್ಲಿ, ಅವಸರ ಎಂತು?"

ಲೆಕ್ಕದಮೇಷ್ಟ್ರು, ಅಂಕೋಲಾ

ನನ್ನ ಲೆಕ್ಕ ಎಲ್ಲ ಹೊಳೆಗೆ ಹೋಯ್ತು.

ಬೈತಖೋಲ, ಕಾರವಾರ

ಹಳೇ 4 ಗೇರಿನ ಬಾಕ್ಸ್ ಕೊಡ್ತೀರಾ? ನನ್ನ ದೋಸ್ತನ ಗಾಡಿಗೆ ಕೇಸ್ ಒಡೆದಿದೆ.

ಸೊಪ್ಪಿನಬೆಟ್ಟ, ಶಿರಸಿ

3 ಹಾರ್ತದೆ, ಒಳಗೆಲ್ಲ ಹಾಲು ಚಹಾ. ಗೊತ್ತಲ್ಲ?

ಬೈತಖೋಲ, ಕಾರವಾರ

ಗೊತ್ತು. ನನಗೆ ಹೊರಗಿನ ಕೇಸ್ ಒಂದು ಬೇಕು. ಬಾಳೆಗೊನೆ ಜೊತೆ ಹಾಕಿಕೊಂಡು ಬನ್ನಿ, ದುಡ್ಡು ಬಂದರಿನಲ್ಲಿ ಕೊಡ್ತೇನೆ.